ಮರಿಯನ್ ಅನುವಾದ ಯಂತ್ರ ಬ್ರೌಸರಿನೊಳಗೆ ಬಂದ ಬಗೆ: ಒಂದು ಪ್ರಕರಣ ಅಧ್ಯಯನ

ಆಸ್ಪತ್ರೆಯ ವರದಿಯನ್ನೋ ವಕೀಲರು ಕಳಿಸಿದ ಪತ್ರವನ್ನೋ ಬ್ರೌಸರಿನಲ್ಲಿ ತೆರೆದು ‘ಅನುವಾದಿಸು’ ಎಂಬ ಗುಂಡಿ ಒತ್ತಿದರೆ, ಸಾಮಾನ್ಯವಾಗಿ ಆ ಪುಟದ ಪಠ್ಯವೆಲ್ಲ ದೂರದ ಸರ್ವರಿಗೆ ಹೋಗಿ, ಅಲ್ಲಿ ಅನುವಾದಗೊಂಡು ಮರಳಿ ಬರುತ್ತದೆ. ಓದುವವರ ಕಣ್ಣಿಗೆ ಈ ಹೋಗಿಬರುವಿಕೆ ಕಾಣುವುದೇ ಇಲ್ಲ. ಪಠ್ಯವು ಓದುಗರ ಕಂಪ್ಯೂಟರನ್ನು ಬಿಟ್ಟು ಹೊರಗೆ ಹೋಗದಂತೆ ಅನುವಾದ ಮಾಡಬಹುದೇ ಎಂಬ ಪ್ರಶ್ನೆಯನ್ನು ಹಿಡಿದು 2019ರ ಜನವರಿಯಲ್ಲಿ ಬರ್ಗಮಾಟ್ ಎಂಬ ಯೋಜನೆ ಶುರುವಾಯಿತು. ಐರೋಪ್ಯ ಒಕ್ಕೂಟದ ಹೊರೈಜನ್ 2020 ಕಾರ್ಯಕ್ರಮ ಅದಕ್ಕೆ ಹಣ ಕೊಟ್ಟಿತು. ಎಡಿನ್‌ಬರೋ ವಿಶ್ವವಿದ್ಯಾಲಯ ಮುಂದಾಳಾಗಿತ್ತು. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯ, ಶೆಫೀಲ್ಡ್ ವಿಶ್ವವಿದ್ಯಾಲಯ, ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯ ಮತ್ತು ಮೊಜಿಲ್ಲಾ ಜೊತೆಗೂಡಿದ್ದವು. ಈ ಕೆಲಸದ ಫಲವಾದ ‘ಫೈರ್‌ಫಾಕ್ಸ್ ಟ್ರಾನ್ಸ್‌ಲೇಶನ್ಸ್’ ಎಂಬ ಆಡ್-ಆನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಎಕ್ಸ್‌ಟೆನ್ಶನ್) 2022ರ ಜೂನ್‌ನಲ್ಲಿ ಜನರ ಕೈಗೆ ಬಂತು.

ಅನುವಾದ ಮಾಡುವ ಯಂತ್ರ ಮೊದಲೇ ಸಿದ್ಧವಿತ್ತು. ಅದರ ಹೆಸರು ಮರಿಯನ್. ಎರಡನೆಯ ಮಹಾಯುದ್ಧಕ್ಕೆ ಮೊದಲೇ ಎನಿಗ್ಮಾ ಗೂಢಲಿಪಿಯನ್ನು ಭೇದಿಸಿದ ಪೋಲಿಷ್ ಗಣಿತಜ್ಞ ಮರಿಯನ್ ರೆಯೆವ್ಸ್ಕಿಯವರ ನೆನಪಿಗೆ ಇಟ್ಟ ಹೆಸರು ಅದು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ, ದೊಡ್ಡ ಸರ್ವರುಗಳನ್ನೂ ಗ್ರಾಫಿಕ್ಸ್ ಕಾರ್ಡುಗಳನ್ನೂ ಲೆಕ್ಕದಲ್ಲಿಟ್ಟುಕೊಂಡು, ವೇಗವೇ ಮೊದಲ ಗುರಿಯೆಂದು ಬರೆದ ಕೋಡ್ ಅದು. ಬ್ರೌಸರಿನ ಎಕ್ಸ್‌ಟೆನ್ಶನ್ನಾದರೋ ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟಿನ ಲೋಕ: ಅಲ್ಲಿ ಡಿಸ್ಕ್ ಇಲ್ಲ, ಪ್ರೊಸೆಸರಿನ ಗುರುತಿಲ್ಲ, ಆಪರೇಟಿಂಗ್ ಸಿಸ್ಟಮ್ಮಿನ ಜೊತೆ ನೇರ ಮಾತಿಲ್ಲ. ಒಂದನ್ನು ಇನ್ನೊಂದರೊಳಗೆ ಕೂರಿಸುವುದೇ ಈ ಅಧ್ಯಯನದ ವಿಷಯ. ಕಂಪೈಲ್ ಮಾಡುವುದು, ಅಂದರೆ ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವುದು, ಈ ಕೆಲಸದ ಸಣ್ಣ ಭಾಗ. ಮೂಲ ಕೋಡ್ ಯಾವುದನ್ನೆಲ್ಲ ತನಗೆ ಸಹಜವಾಗಿ ಸಿಗುತ್ತದೆಂದು ನಂಬಿಕೊಂಡಿತ್ತೋ ಅದನ್ನು ಒಂದೊಂದಾಗಿ ಕಂಡುಹಿಡಿದು, ಯಾವುದನ್ನು ಬಿಡಬೇಕು, ಯಾವುದಕ್ಕೆ ಬದಲಿ ಹುಡುಕಬೇಕು ಎಂದು ತೀರ್ಮಾನಿಸುವುದೇ ದೊಡ್ಡ ಭಾಗ ಎಂಬುದು ಈ ಪ್ರಕರಣವನ್ನು ಓದಿದ ಮೇಲೆ ನನಗೆ ಗಟ್ಟಿಯಾದ ಅಭಿಪ್ರಾಯ.

ಹಿಂದಿನ ದಾರಿಗಳು

ಒಂದು ಕಾಲದಲ್ಲಿ ಬ್ರೌಸರಿನೊಳಗೆ ನೇಟಿವ್ ಕೋಡನ್ನು, ಅಂದರೆ ಪ್ರೊಸೆಸರಿನ ಸ್ವಂತ ಯಂತ್ರಭಾಷೆಯಲ್ಲಿರುವ ಕೋಡನ್ನು, ನೇರವಾಗಿಯೇ ತರಬಹುದಾಗಿತ್ತು. ಪ್ಲಗಿನ್‌ಗಳು ಹಾಗೆಯೇ ಬರುತ್ತಿದ್ದವು. ಫೈರ್‌ಫಾಕ್ಸ್‌ನ ಹಳೆಯ ಆಡ್-ಆನ್‌ಗಳು ಕಂಪ್ಯೂಟರಿನಲ್ಲಿರುವ ಲೈಬ್ರರಿಗಳನ್ನು (ಸಿದ್ಧ ಕೋಡಿನ ಕಟ್ಟುಗಳನ್ನು) ಕರೆಯಬಲ್ಲವಾಗಿದ್ದವು. ಹಾಗೆ ಬಂದ ಕೋಡಿಗೆ ಬ್ರೌಸರಿನಷ್ಟೇ ಅಧಿಕಾರವಿರುತ್ತಿತ್ತು. ಅದರಲ್ಲೊಂದು ದೋಷವಿದ್ದರೆ ಇಡೀ ಕಂಪ್ಯೂಟರೇ ಬಯಲಿಗೆ ಬಿದ್ದಂತೆ. 2017ರ ನವೆಂಬರ್ 14ರಂದು ಬಂದ ಫೈರ್‌ಫಾಕ್ಸ್ 57ರೊಂದಿಗೆ ಆ ಬಗೆಯ ಆಡ್-ಆನ್‌ಗಳ ಕಾಲ ಮುಗಿಯಿತು. ಕ್ರೋಮ್ ತನ್ನದೇ ಆದ ನೇಟಿವ್ ಕ್ಲೈಂಟ್ ಎಂಬ ವ್ಯವಸ್ಥೆಯನ್ನು ಕೆಲ ವರ್ಷ ನಡೆಸಿತು. ಬೇರೆ ಬ್ರೌಸರುಗಳು ಅದನ್ನು ಒಪ್ಪಲಿಲ್ಲ, 2017ರಲ್ಲಿ ಗೂಗಲ್ ಕೂಡ ಎಲ್ಲ ಬ್ರೌಸರುಗಳಿಗೂ ಸಾಮಾನ್ಯವಾದ, ಯಂತ್ರಭಾಷೆಯಂಥ ವೆಬ್‌ಅಸೆಂಬ್ಲಿಯ ಕಡೆಗೆ ತಿರುಗಿತು.

ಇನ್ನೊಂದು ದಾರಿ ನೇಟಿವ್ ಮೆಸೇಜಿಂಗ್. ಬಳಕೆದಾರರು ಬೇರೆಯದೇ ಒಂದು ಪ್ರೋಗ್ರಾಮನ್ನು ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿಕೊಂಡರೆ, ಎಕ್ಸ್‌ಟೆನ್ಶನ್ ಅದರ ಜೊತೆ ಸಂದೇಶಗಳ ಮೂಲಕ ಮಾತನಾಡಬಹುದು. ಇದೇ ಬರ್ಗಮಾಟ್ ಬಳಗದಿಂದ ಬಂದ ಟ್ರಾನ್ಸ್‌ಲೇಟ್‌ಲೋಕಲಿ ಎಂಬ ಡೆಸ್ಕ್‌ಟಾಪ್ ಪ್ರೋಗ್ರಾಮ್ ಮತ್ತು ಅದರ ಎಕ್ಸ್‌ಟೆನ್ಶನ್ ಈ ದಾರಿಯನ್ನೂ ತೆರೆದಿಟ್ಟಿವೆ. ವೇಗದ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ, ಏಕೆಂದರೆ ಅಲ್ಲಿ ಓಡುವುದು ಅಪ್ಪಟ ನೇಟಿವ್ ಕೋಡ್. ಆದರೆ ಪ್ರತಿಯೊಂದು ಆಪರೇಟಿಂಗ್ ಸಿಸ್ಟಮ್ಮಿಗೂ ಬೇರೆ ಬೇರೆ ಕಟ್ಟು ತಯಾರಿಸಬೇಕು, ಜನ ಎರಡೆರಡು ಬಾರಿ ಇನ್‌ಸ್ಟಾಲ್ ಮಾಡಬೇಕು, ಆ ಪ್ರೋಗ್ರಾಮಿನಿಂದ ಬ್ರೌಸರಿಗೆ ಬರುವ ಒಂದೊಂದು ಸಂದೇಶವೂ 1 ಎಂಬಿ ಮೀರುವಂತಿಲ್ಲ. ಕಂಪ್ಯೂಟರ್ ತಿಳಿದವರಿಗೆ ಇದೆಲ್ಲ ಕಷ್ಟವಲ್ಲ. ಅನುವಾದದ ಅಗತ್ಯ ಹೆಚ್ಚಾಗಿರುವವರು ಸಾಮಾನ್ಯವಾಗಿ ಅಂಥವರಲ್ಲ.

ಉಳಿದದ್ದು ಮೂರನೆಯ ದಾರಿ: ಸಿ ಪ್ಲಸ್ ಪ್ಲಸ್ ಕೋಡನ್ನೇ ಬ್ರೌಸರಿಗೆ ಅರ್ಥವಾಗುವ ರೂಪಕ್ಕೆ ಕಂಪೈಲ್ ಮಾಡುವುದು. ಎಮ್‌ಸ್ಕ್ರಿಪ್ಟನ್ ಎಂಬ ಕಂಪೈಲರ್ ಇರುವುದೇ ಇದಕ್ಕೆ. ಮೊಜಿಲ್ಲಾದಲ್ಲಿದ್ದ ಅಲೋನ್ ಜಕಾಯ್ 2010ರಲ್ಲಿ ಅದನ್ನು ಶುರುಮಾಡಿದಾಗ ಅದು ಸಿ ಪ್ಲಸ್ ಪ್ಲಸ್ ಕೋಡನ್ನು ಎಲ್‌ಎಲ್‌ವಿಎಮ್ ಎಂಬ ಕಂಪೈಲರ್ ಸಲಕರಣೆಯ ಮೂಲಕ ಹಾಯಿಸಿ ಸಾದಾ ಜಾವಾಸ್ಕ್ರಿಪ್ಟಾಗಿ ಹೊರತರುತ್ತಿತ್ತು. ಆಗಿನ ಜಾವಾಸ್ಕ್ರಿಪ್ಟಿನಲ್ಲಿ ಸಂಖ್ಯೆ ಎಂದರೆ ಒಂದೇ ಬಗೆ, ದಶಮಾಂಶವನ್ನೂ ಹಿಡಿಯಬಲ್ಲ 64 ಬಿಟ್ಟಿನ ಸಂಖ್ಯೆ. ಎರಡು ಪೂರ್ಣಾಂಕಗಳನ್ನು ಕೂಡಿದ ಫಲಕ್ಕೆ ‘| 0’ ಎಂಬ ಬಾಲ ಅಂಟಿಸಿದರೆ ಮಾತ್ರ ಅದು 32 ಬಿಟ್ಟಿನ ಪೂರ್ಣಾಂಕವಾಗಿ ಉಳಿಯುತ್ತದೆ. 2013ರಲ್ಲಿ ಬಂದ ಎಎಸ್‌ಎಮ್-ಜೆಎಸ್ ಈ ಬಾಲವನ್ನೇ ಒಂದು ಶಿಸ್ತಾಗಿ ಮಾಡಿತು: ಕೋಡಿನ ತುಂಬ ಇಂಥ ಗುರುತುಗಳಿದ್ದರೆ ಬ್ರೌಸರ್ ಅದನ್ನು ನೋಡಿದ ಕೂಡಲೇ ನೇರ ಯಂತ್ರಭಾಷೆಗೆ ಇಳಿಸಬಹುದು. ಅದೇ ಆಲೋಚನೆ ಬೆಳೆದು ವೆಬ್‌ಅಸೆಂಬ್ಲಿಯಾಯಿತು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 52 ಮತ್ತು ಕ್ರೋಮ್ 57 ಅದನ್ನು ಹೊತ್ತು ಬಂದವು.

ಚಿಕ್ಕದೊಂದು ಪೂರ್ವಪ್ರಯೋಗ

ಅನುವಾದಕ್ಕೆ ಮೊದಲು ಪುಟ ಯಾವ ಭಾಷೆಯಲ್ಲಿದೆ ಎಂದು ಗೊತ್ತಾಗಬೇಕು. ಗೂಗಲ್‌ನಿಂದ ಬಂದ ಸಿಎಲ್‌ಡಿ-2 ಎಂಬ ಭಾಷೆ ಗುರುತಿಸುವ ಲೈಬ್ರರಿಯೂ ಸಿ ಪ್ಲಸ್ ಪ್ಲಸ್‌ನದೇ. 2014ರಲ್ಲಿಯೇ ಅದನ್ನು ಎಮ್‌ಸ್ಕ್ರಿಪ್ಟನ್ ಮೂಲಕ ಜಾವಾಸ್ಕ್ರಿಪ್ಟಾಗಿಸಿ ಫೈರ್‌ಫಾಕ್ಸ್‌ನೊಳಗೆ ಸೇರಿಸಲಾಗಿತ್ತು. ಮುಂದೆ ಎಕ್ಸ್‌ಟೆನ್ಶನ್‌ಗಳು ಪುಟದ ಭಾಷೆಯನ್ನು ಕೇಳಿದಾಗಲೂ ಉತ್ತರ ಕೊಡುತ್ತಿದ್ದುದು ಅದೇ ಕೋಡ್. ಅದನ್ನು ಒಂದು ವರ್ಕರ್‌ನೊಳಗೆ, ಅಂದರೆ ಪುಟದ ಓಟಕ್ಕೆ ಅಡ್ಡಬಾರದ ಹಿನ್ನೆಲೆಯ ದಾರದಲ್ಲಿ, ಓಡಿಸಲಾಗುತ್ತದೆ. ಆ ಕೋಡಿನಲ್ಲಿ ಗಮನಿಸಬೇಕಾದ ಒಂದು ಎಚ್ಚರಿಕೆಯಿದೆ. ಎಮ್‌ಸ್ಕ್ರಿಪ್ಟನ್‌ನಿಂದ ಬಂದ ಕೋಡಿನ ಮೆಮೊರಿ ಬೆಳೆಯಬಲ್ಲದು, ಕುಗ್ಗಲಾರದು; ಆದ್ದರಿಂದ ಬಹಳ ದೊಡ್ಡ ಪಠ್ಯವೊಂದನ್ನು ನೋಡಿ ಮುಗಿಸಿದ ಮೇಲೆ ಇಡೀ ವರ್ಕರನ್ನೇ ಕೊಂದು ಹೊಸದನ್ನು ಹುಟ್ಟಿಸಬೇಕು. ಸಿ ಪ್ಲಸ್ ಪ್ಲಸ್ ಬರೆಯುವವರು ಮೆಮೊರಿಯನ್ನು ಬಿಟ್ಟುಕೊಟ್ಟೆವು ಎಂದುಕೊಂಡರೂ ಅದು ಬಿಡುಗಡೆಯಾಗುವುದು ಆ ಕೋಡಿನ ಸ್ವಂತ ಹಿತ್ತಲಿಗೆ ಮಾತ್ರ, ಕಂಪ್ಯೂಟರಿಗೆ ಅಲ್ಲ. ಈ ಪಾಠ ಮುಂದೆ ಮರಿಯನ್‌ಗೂ ಹಾಗೆಯೇ ಅನ್ವಯಿಸಿತು.

ಇಲ್ಲಿ ಕನ್ನಡಕ್ಕೆ ಸಂಬಂಧಿಸಿದ ಒಂದು ಮಾತನ್ನು ಹೇಳಿಬಿಡುತ್ತೇನೆ. ಒಂದೇ ಭಾಷೆಗೆ ಮೀಸಲೆಂದು ತಾನು ಎಣಿಸಿದ ಲಿಪಿಗಳ ವಿಷಯದಲ್ಲಿ ಸಿಎಲ್‌ಡಿ-2 ಪದಗಳನ್ನು ನೋಡುವುದಿಲ್ಲ, ಲಿಪಿಯನ್ನು ನೋಡಿಯೇ ಭಾಷೆಯನ್ನು ಹೇಳುತ್ತದೆ. ಕನ್ನಡ ಲಿಪಿ ಕಂಡರೆ ಅದು ಕನ್ನಡ. ಕನ್ನಡ ಲಿಪಿಯಲ್ಲೇ ಬರೆಯುವ ತುಳು, ಕೊಡವ, ಕೊಂಕಣಿ, ಬ್ಯಾರಿ ಪುಟಗಳೂ ಅದರ ಕಣ್ಣಿಗೆ ಕನ್ನಡವೇ. ಕಂಪೈಲರಿನ ತಪ್ಪು ಇದರಲ್ಲಿಲ್ಲ. ಮೂಲ ಕೋಡಿನ ಅರಿವು ಎಷ್ಟೋ ಅಷ್ಟೇ ಹೊಸ ಜಾಗಕ್ಕೂ ಬರುತ್ತದೆ. ಮಂಗಳೂರಿನ ಕಡೆಯ ಓದುಗರಿಗೆ ಇದು ಸಣ್ಣ ವಿಷಯವಲ್ಲ.

ಗಡಿಯಲ್ಲಿ ಬಿಟ್ಟುಬಂದದ್ದು

ಮರಿಯನ್ ಒಂದೇ ಪ್ರೋಗ್ರಾಮಲ್ಲ, ಅದರ ಹಿಂದೆ ಲೈಬ್ರರಿಗಳ ಮೆರವಣಿಗೆಯೇ ಇದೆ. ಪದಗಳನ್ನು ತುಂಡರಿಸಲು ಸೆಂಟೆನ್ಸ್‌ಪೀಸ್ ಬೇಕು. ಪ್ಯಾರಾವನ್ನು ವಾಕ್ಯಗಳಾಗಿ ಒಡೆಯುವ ಲೈಬ್ರರಿಗೆ, ಪಠ್ಯದಲ್ಲಿ ಅಕ್ಷರಗಳ ವಿನ್ಯಾಸಗಳನ್ನು ಹುಡುಕುವ ಪಿಸಿಆರ್‌ಇ-2 ಎಂಬ ಮತ್ತೊಂದು ಲೈಬ್ರರಿ ಬೇಕು. ನೇಟಿವ್ ಲೋಕದಲ್ಲಿ ಪಿಸಿಆರ್‌ಇ-2 ವೇಗಕ್ಕಾಗಿ ಓಡುತ್ತಲೇ ಯಂತ್ರಭಾಷೆಯನ್ನು ಹುಟ್ಟಿಸಬಲ್ಲದು. ವೆಬ್‌ಅಸೆಂಬ್ಲಿಯೊಳಗೆ ಅದು ಆಗದ ಮಾತು, ಹೀಗಾಗಿ ಆ ಭಾಗ ಹೋಯಿತು. ದಶಮಾಂಶ ಸಂಖ್ಯೆಗಳ ಮ್ಯಾಟ್ರಿಕ್ಸ್ (ಸಂಖ್ಯೆಗಳ ಕೋಷ್ಟಕ) ಗುಣಾಕಾರಕ್ಕೆ ಮರಿಯನ್ ನೆಚ್ಚಿಕೊಂಡಿದ್ದ ಇಂಟೆಲ್‌ನ ಎಮ್‌ಕೆಎಲ್ ಮೂಲ ಕೋಡನ್ನು ತೆರೆದು ಕೊಡುವ ಲೈಬ್ರರಿಯಲ್ಲ. ಮೂಲವಿಲ್ಲದ್ದನ್ನು ಎಮ್‌ಸ್ಕ್ರಿಪ್ಟನ್ ಕಂಪೈಲ್ ಮಾಡಲಾರದು. ಅದರ ಜಾಗಕ್ಕೆ ಮೂಲ ಸಿಗುವ ಬೇರೊಂದು ಗುಣಾಕಾರದ ಕೋಡನ್ನು ತರಬೇಕಾಯಿತು. ಗ್ರಾಫಿಕ್ಸ್ ಕಾರ್ಡಿನ ಭಾಗವನ್ನು ಕಟ್ಟಿನಿಂದಲೇ ತೆಗೆಯಲಾಯಿತು.

ಥ್ರೆಡ್‌ಗಳ ಕಥೆ ಇನ್ನೂ ಬಿಗಿ. ಮೂಲ ಮರಿಯನ್ ಹಲವು ಥ್ರೆಡ್‌ಗಳಲ್ಲಿ, ಅಂದರೆ ಏಕಕಾಲಕ್ಕೆ ಓಡುವ ಎಳೆಗಳಲ್ಲಿ, ಕೆಲಸ ಹಂಚುತ್ತದೆ. ವೆಬ್‌ಅಸೆಂಬ್ಲಿಯಲ್ಲಿ ಥ್ರೆಡ್‌ಗಳಿರಬೇಕಾದರೆ ಅವೆಲ್ಲ ಹಂಚಿಕೊಳ್ಳುವ ಮೆಮೊರಿಯಾದ ಶೇರ್ಡ್‌ಅರೇಬಫರ್ ಬೇಕು. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಹೊರಬಿದ್ದಾಗ ಬ್ರೌಸರುಗಳು ಅದನ್ನು ಕಿತ್ತುಹಾಕಿದವು, ಆಮೇಲೆ ಮರಳಿ ಕೊಟ್ಟರೂ ಬೇರೆ ಮೂಲಗಳಿಂದ ತನ್ನನ್ನು ಪೂರ್ತಿ ಬೇರ್ಪಡಿಸಿಕೊಂಡ ಪುಟಕ್ಕೆ ಮಾತ್ರ ಕೊಟ್ಟವು. ಬರ್ಗಮಾಟ್‌ನವರು ಈ ಜಗಳಕ್ಕೇ ಹೋಗಲಿಲ್ಲ. ಮರಿಯನ್‌ನ ಮೇಲೆ ಕಟ್ಟಿದ ತಮ್ಮ ಪದರದಲ್ಲಿ ಅವರು ಎರಡು ಬಗೆಯ ಸೇವೆಯನ್ನಿಟ್ಟರು: ಡೆಸ್ಕ್‌ಟಾಪಿಗೆ ಅಸಿಂಕ್‌ಸರ್ವಿಸ್, ಬ್ರೌಸರಿಗೆ ಬ್ಲಾಕಿಂಗ್‌ಸರ್ವಿಸ್. ಎರಡನೆಯದು ಹೆಸರೇ ಹೇಳುವಂತೆ ಕೊಟ್ಟ ಕೆಲಸ ಮುಗಿಯುವ ತನಕ ಅತ್ತಿತ್ತ ನೋಡುವುದಿಲ್ಲ. ವರ್ಕರ್‌ನೊಳಗೆ ಅದು ಓಡುವಾಗ ಪುಟದ ಸ್ಕ್ರೋಲ್‌ಗೆ ತೊಂದರೆಯಿಲ್ಲ, ಆದರೆ ‘ಸಾಕು, ನಿಲ್ಲಿಸು’ ಎಂಬ ಸಂದೇಶ ಬಂದರೂ ಕೈಯಲ್ಲಿರುವ ಕೆಲಸ ಮುಗಿಯದೆ ಅದು ಕಿವಿಗೆ ಬೀಳುವುದಿಲ್ಲ. ಆದ್ದರಿಂದ ಇಡೀ ಪುಟವನ್ನು ಒಂದೇ ಸಲ ಅದರ ಬಾಯಿಗೆ ತುರುಕದೆ ಸಣ್ಣ ಸಣ್ಣ ತುತ್ತುಗಳಾಗಿ ಕೊಡುವುದು ಅನಿವಾರ್ಯ. ಈ ತೀರ್ಮಾನ ನನಗೆ ಸರಿಯೆನಿಸುತ್ತದೆ. ಹಲವು ಥ್ರೆಡ್‌ಗಳ ವೇಗವನ್ನು ಬಿಟ್ಟುಕೊಟ್ಟರೂ ಯಾವ ಬ್ರೌಸರಿನಲ್ಲಿಯೂ, ಯಾವ ವಿಶೇಷ ಅನುಮತಿಯಿಲ್ಲದೆಯೂ ಓಡುವ ಗುಣ ಅದರಿಂದ ಉಳಿಯಿತು.

ಓಟದ ನಡುವೆ ತಪ್ಪಾದಾಗ ಅದನ್ನು ಸಾರುವ ಎಕ್ಸೆಪ್ಶನ್‌ಗಳನ್ನೂ ಬಿಡಲಾಯಿತು. ಸಿ ಪ್ಲಸ್ ಪ್ಲಸ್ ಎಕ್ಸೆಪ್ಶನ್‌ಗಳನ್ನು ಹಿಡಿಯುವ ಸೌಲಭ್ಯವನ್ನು ಎಮ್‌ಸ್ಕ್ರಿಪ್ಟನ್ ತಾನಾಗಿ ಕೊಡುವುದಿಲ್ಲ, ಕೇಳಿ ಪಡೆದರೆ ಕೋಡಿನ ಗಾತ್ರ ಹಿಗ್ಗಿ ಓಟ ಮಂದವಾಗುತ್ತದೆ. ಎಂಜಿನ್ ಎಲ್ಲಿಯಾದರೂ ಕೈಚೆಲ್ಲಿದರೆ ಆ ವೆಬ್‌ಅಸೆಂಬ್ಲಿ ಜೀವ ಅಲ್ಲಿಗೆ ಮುಗಿಯಿತು. ವರ್ಕರನ್ನು ಎಸೆದು ಹೊಸದಾಗಿ ಶುರುಮಾಡಬೇಕು.

ಕಡತಗಳ ವಿಷಯವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ನೇಟಿವ್ ಮರಿಯನ್‌ಗೆ ಮಾದರಿಯ (ಅನುವಾದಿಸಲು ಕಲಿತ ಸಂಖ್ಯೆಗಳ ರಾಶಿಯ) ಕಡತ, ಪದಕೋಶ, ಮತ್ತು ಮುಂದೆ ಬರಬಹುದಾದ ಪದಗಳ ಕಿರುಪಟ್ಟಿ ಇವನ್ನೆಲ್ಲ ಡಿಸ್ಕಿನ ದಾರಿಗಳಾಗಿ ತಿಳಿಸಿದರೆ ಸಾಕು. ಬ್ರೌಸರಿನಲ್ಲಿ ಡಿಸ್ಕ್ ಇಲ್ಲದ ಕಾರಣ ಎಮ್‌ಸ್ಕ್ರಿಪ್ಟನ್ ಮೆಮೊರಿಯೊಳಗೆ ಒಂದು ಸುಳ್ಳು ಡಿಸ್ಕನ್ನು ಕಟ್ಟಿಕೊಡುತ್ತದೆ. ಮೊದಲ ಪ್ರಯೋಗಗಳು ಅದನ್ನೇ ಬಳಸಿದವು. ಮೂಲ ಕೋಡನ್ನು ಮುಟ್ಟದೆಯೇ ಓಡಿಸಬಹುದೆಂಬುದು ಅದರ ಲಾಭ. ಮಾದರಿಯ ಒಂದು ಪ್ರತಿ ಸುಳ್ಳು ಡಿಸ್ಕಿನಲ್ಲಿ, ಇನ್ನೊಂದು ಮರಿಯನ್‌ನ ಕೈಯಲ್ಲಿ, ಹೀಗೆ ಎರಡೆರಡು ಕೂತುಬಿಡುವುದು ಅದರ ನಷ್ಟ. ಆಮೇಲೆ ಆ ಡಿಸ್ಕನ್ನು ಬಿಟ್ಟು ಅಲೈನ್ಡ್‌ಮೆಮೊರಿ ಎಂಬ ಚಿಕ್ಕ ವಸ್ತುವನ್ನು ಸಿ ಪ್ಲಸ್ ಪ್ಲಸ್ ಕಡೆ ಬರೆದು ಜಾವಾಸ್ಕ್ರಿಪ್ಟಿಗೆ ತೋರಿಸಲಾಯಿತು. ಜಾವಾಸ್ಕ್ರಿಪ್ಟ್ ಅದಕ್ಕೆ ಗಾತ್ರವನ್ನೂ ಅಲೈನ್‌ಮೆಂಟನ್ನೂ ಹೇಳುತ್ತದೆ: ಮಾದರಿಗೆ 256, ಪದಕೋಶಕ್ಕೂ ಕಿರುಪಟ್ಟಿಗೂ 64. ಅಂದರೆ ಮಾದರಿಯ ಮೊದಲ ಬೈಟ್ ಕೂರುವ ವಿಳಾಸ 256ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಡೌನ್‌ಲೋಡ್ ಆದ ಬೈಟ್‌ಗಳು ಒಂದೇ ಬಾರಿ ಆ ಜಾಗಕ್ಕೆ ನಕಲಾಗುತ್ತವೆ, ಅಲ್ಲಿಂದ ಮುಂದೆ ಮರಿಯನ್ ಅವನ್ನು ಇದ್ದಲ್ಲಿಯೇ ಓದುತ್ತದೆ.

ಹೀಗೆ ಜಾವಾಸ್ಕ್ರಿಪ್ಟಿಗೆ ತೋರಿಸಿದ ಸಿ ಪ್ಲಸ್ ಪ್ಲಸ್ ವಸ್ತುಗಳನ್ನು ಕೆಲಸವಾದ ಮೇಲೆ ‘ಡಿಲೀಟ್’ ಎಂದು ಕರೆದು ಕೈಯಾರೆ ಅಳಿಸಬೇಕು. ಜಾವಾಸ್ಕ್ರಿಪ್ಟ್ ಬರೆಯುವವರಿಗೆ ಈ ಅಭ್ಯಾಸವೇ ಇರುವುದಿಲ್ಲ, ಅವರ ಭಾಷೆಯಲ್ಲಿ ಬೇಡದ್ದನ್ನು ಗುಡಿಸುವ ಕೆಲಸ ತಾನಾಗಿ ನಡೆಯುತ್ತದೆ. ಒಂದು ವಾಕ್ಯಕ್ಕೊಂದು ವಸ್ತುವನ್ನು ಅಳಿಸಲು ಮರೆತರೂ ಉದ್ದದ ಪುಟವೊಂದು ಮುಗಿಯುವಷ್ಟರಲ್ಲಿ ಮೆಮೊರಿ ಉಬ್ಬಿರುತ್ತದೆ, ಮತ್ತು ಆಗಲೇ ಹೇಳಿದಂತೆ ಉಬ್ಬಿದ್ದು ಇಳಿಯುವುದಿಲ್ಲ. ಎಂಜಿನ್ನಿಗೆ ಕೊಡುವ ಸೂಚನೆಗಳಲ್ಲೂ ಈ ಬಿಗಿತ ಕಾಣುತ್ತದೆ: ಲೆಕ್ಕಕ್ಕೆಂದು ಮೀಸಲಿಟ್ಟ ಜಾಗ 128 ಎಂಬಿ, ಒಂದು ಕಂತಿಗೆ 1024 ಪದತುಂಡುಗಳು, ಒಂದು ವಾಕ್ಯದ ಉದ್ದ 128 ತುಂಡು ಮೀರಿದರೆ ಅದನ್ನು ಒಡೆಯಬೇಕು, ಮತ್ತು ಪ್ರತಿ ಹೆಜ್ಜೆಯಲ್ಲೂ ಹಲವು ಸಾಧ್ಯತೆಗಳನ್ನು ತೂಗದೆ ಅತ್ಯುತ್ತಮವೆಂದು ತೋರಿದ ಒಂದನ್ನೇ ಹಿಡಿದು ಮುಂದೆ ಹೋಗಬೇಕು.

ಎಂಟು ಬಿಟ್ಟಿನ ಗುಣಾಕಾರ

ಇಷ್ಟೆಲ್ಲ ಆದ ಮೇಲೂ ನಿಜವಾದ ಕಷ್ಟ ಬೇರೆಯೇ ಇತ್ತು. ಅನುವಾದ ಯಂತ್ರ ತನ್ನ ಸಮಯದ ಬಹುಪಾಲನ್ನು ಮ್ಯಾಟ್ರಿಕ್ಸ್ ಗುಣಾಕಾರದಲ್ಲಿ ಕಳೆಯುತ್ತದೆ. ದೊಡ್ಡ ಮಾದರಿಯೊಂದರ ಉತ್ತರಗಳನ್ನು ನೋಡಿ ಕಲಿತ ಚಿಕ್ಕ ಮಾದರಿಯನ್ನು ತಯಾರಿಸಿ, ಅದರ ತೂಕಗಳನ್ನು, ಅಂದರೆ ಅದು ಕಲಿತ ಸಂಖ್ಯೆಗಳನ್ನು, 32 ಬಿಟ್ಟಿನಿಂದ 8 ಬಿಟ್ಟಿಗೆ ಇಳಿಸಿದ್ದರಿಂದ ಮಾದರಿಯ ಗಾತ್ರ ನಾಲ್ಕನೆಯ ಒಂದು ಭಾಗಕ್ಕೆ ಬಂದು, ಒಂದು ಭಾಷಾಜೋಡಿಯನ್ನು ಕೆಲವೇ ಹತ್ತು ಎಂಬಿಗಳೊಳಗೆ ಡೌನ್‌ಲೋಡ್ ಮಾಡುವಂತಾಯಿತು. ಆ 8 ಬಿಟ್ ಸಂಖ್ಯೆಗಳನ್ನು ಗುಣಿಸುವ ಲೈಬ್ರರಿ ಇಂಟ್‌ಜೆಮ್. ಯೋಜನೆಯ ಮುಂದಾಳು ಕೆನೆತ್ ಹೀಫೀಲ್ಡ್ ಅವರೇ ಬರೆದದ್ದು.

ಇಂಟ್‌ಜೆಮ್‌ನ ಜೀವಾಳ ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿರುವ ಪಿಮ್ಯಾಡ್‌ಯುಬಿಎಸ್‌ಡಬ್ಲ್ಯೂ ಎಂಬ ಸೂಚನೆ. 128 ಬಿಟ್ಟಿನ ಪಟ್ಟಿಯಲ್ಲಿ 16 ಬೈಟ್‌ಗಳನ್ನು ಇನ್ನೊಂದು ಪಟ್ಟಿಯ 16 ಬೈಟ್‌ಗಳೊಂದಿಗೆ ಗುಣಿಸಿ, ಅಕ್ಕಪಕ್ಕದ ಎರಡೆರಡು ಫಲಗಳನ್ನು ಕೂಡಿ, ಎಂಟು ಮೊತ್ತಗಳನ್ನು ಅದು ಒಂದೇ ಏಟಿಗೆ ಕೊಡುತ್ತದೆ. ಅದಕ್ಕೊಂದು ಹಟವಿದೆ: ಒಂದು ಪಟ್ಟಿಯಲ್ಲಿ ಋಣ ಸಂಖ್ಯೆಗಳಿರಬಹುದು, ಇನ್ನೊಂದರಲ್ಲಿ ಇರಕೂಡದು. ಅನುವಾದದ ಲೆಕ್ಕದಲ್ಲಾದರೋ ಎರಡೂ ಕಡೆ ಋಣ ಸಂಖ್ಯೆಗಳಿರುತ್ತವೆ. ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು. ಒಂದು ಕಡೆಯ ಎಲ್ಲ ಸಂಖ್ಯೆಗಳಿಗೂ 127 ಕೂಡಿಬಿಡಬೇಕು. ಉದಾಹರಣೆಗೆ -3 ಅನ್ನು 5ರಿಂದ ಗುಣಿಸಬೇಕು, ಉತ್ತರ -15 ಬರಬೇಕು. 127 ಕೂಡಿದಾಗ -3 ಎಂಬುದು 124 ಆಗುತ್ತದೆ. 124ನ್ನು 5ರಿಂದ ಗುಣಿಸಿದರೆ 620. ಹೆಚ್ಚಾಗಿ ಸೇರಿದ್ದು 127 ಗುಣಿಸು 5, ಅಂದರೆ 635. 620ರಲ್ಲಿ 635 ಕಳೆದರೆ -15 ಮರಳಿ ಸಿಗುತ್ತದೆ. ಆ 635 ಎಂಬುದು ತೂಕವನ್ನು ಮಾತ್ರ ಅವಲಂಬಿಸಿದೆ, ಓದುಗರು ಕೊಟ್ಟ ವಾಕ್ಯವನ್ನಲ್ಲ. ಆದ್ದರಿಂದ ಅದನ್ನು ಮಾದರಿ ತೆರೆಯುವಾಗ ಒಮ್ಮೆ ಲೆಕ್ಕ ಹಾಕಿ, ಪ್ರತಿ ಪದರದ ಕೊನೆಗೆ ಹೇಗೂ ಕೂಡಬೇಕಾದ ಬಯಾಸ್ ಎಂಬ ಸ್ಥಿರ ಸಂಖ್ಯೆಯೊಳಗೆ ಅಡಗಿಸಿಟ್ಟರೆ ಮುಂದೆ ಅದಕ್ಕೆ ಖರ್ಚೇ ಇಲ್ಲ.

ವೆಬ್‌ಅಸೆಂಬ್ಲಿಯಲ್ಲಿ ಆ ಸೂಚನೆ ಇರಲಿಲ್ಲ. 128 ಬಿಟ್ಟಿನ ಪಟ್ಟಿಗಳ ಲೆಕ್ಕ 2021ರ ಹೊತ್ತಿಗೆ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ ಬಂದಿತ್ತು ನಿಜ. ಆದರೆ ವೆಬ್‌ಅಸೆಂಬ್ಲಿಯ ಮಾನದಂಡವನ್ನು ಬರೆದವರು ಎಲ್ಲ ಪ್ರೊಸೆಸರುಗಳಲ್ಲೂ ಒಂದೇ ಉತ್ತರ ಬರುವ, ಎಲ್ಲೆಡೆ ಚುರುಕಾಗಿ ಓಡುವ ಸೂಚನೆಗಳನ್ನು ಮಾತ್ರ ಸೇರಿಸಿಕೊಂಡರು. ಫೋನುಗಳಲ್ಲಿರುವ ಆರ್ಮ್ ಪ್ರೊಸೆಸರುಗಳಲ್ಲಿ ಈ ಸೂಚನೆಗೆ ನೇರ ಸಮಾನವಿಲ್ಲದ ಕಾರಣ ಅದು ಹೊರಗುಳಿಯಿತು. ಇದ್ದದ್ದು 16 ಬಿಟ್ಟಿನ ಸಂಖ್ಯೆಗಳನ್ನು ಗುಣಿಸಿ ಕೂಡುವ ಸೂಚನೆ. ಅದನ್ನು ಬಳಸಬೇಕಾದರೆ ಮೊದಲು ಪ್ರತಿಯೊಂದು ಬೈಟನ್ನೂ 16 ಬಿಟ್ಟಿಗೆ ಹಿಗ್ಗಿಸಬೇಕು. 8 ಬಿಟ್ಟಿಗೆ ಇಳಿಸಿ ಗಳಿಸಿದ ಲಾಭದ ದೊಡ್ಡ ಪಾಲು ಆ ಹಿಗ್ಗಿಸುವಿಕೆಯಲ್ಲೇ ಕರಗುತ್ತದೆ. ಇತ್ತ ನೇಟಿವ್ ಕಡೆ ಪಟ್ಟಿಯ ಅಗಲ 256, 512 ಬಿಟ್ ತನಕ ಬೆಳೆದಿದ್ದು ಅಂತರ ಇನ್ನೂ ಹೆಚ್ಚುತ್ತಿತ್ತು. ಕಂಪೈಲ್ ಸರಿಯಾಗಿದೆ, ಉತ್ತರ ಸರಿಯಾಗಿದೆ, ಆದರೆ ಪುಟ ಅನುವಾದವಾಗುವಷ್ಟರಲ್ಲಿ ಓದುಗರ ತಾಳ್ಮೆ ಮುಗಿಯುತ್ತದೆ ಎಂಬ ಪರಿಸ್ಥಿತಿ ಅದು.

ಮೊಜಿಲ್ಲಾದವರು ಮೊದಲು ‘ವರ್ಮ್‌ಹೋಲ್’ ಎಂಬ ಕಳ್ಳದಾರಿಯನ್ನು ಮಾಡಿದರು. ಬೈಟ್‌ಗಳ ಜಾಗ ಬದಲಿಸುವ ಸೂಚನೆಯೊಂದಕ್ಕೆ, ಬೇರೆ ಯಾರೂ ಬರೆಯಲಾರದಂಥ ವಿಚಿತ್ರ ಕ್ರಮವೊಂದನ್ನು ಕೊಟ್ಟರೆ, ಫೈರ್‌ಫಾಕ್ಸ್ ಅದನ್ನು ಸಂಕೇತವೆಂದು ತಿಳಿದು ಬೇಕಾದ ನೇಟಿವ್ ಸೂಚನೆಯನ್ನೇ ಹಾಕುತ್ತಿತ್ತು. ಆಮೇಲೆ ಅದನ್ನು ಬಿಟ್ಟು, ಗುಣಾಕಾರದ ಕೆಲಸವನ್ನೇ ಪೂರ್ತಿಯಾಗಿ ಬ್ರೌಸರಿನ ನೇಟಿವ್ ಭಾಗಕ್ಕೆ ಸಾಗಿಸಿದರು. ತಯಾರಿ, ಬಯಾಸ್ ಲೆಕ್ಕ, ಗುಣಿಸಿ ಕೂಡುವುದು, ಕಾಲಮ್‌ಗಳನ್ನು ಆಯುವುದು, ಹೀಗೆ ಏಳು ಫಂಕ್ಷನ್‌ಗಳು. ಕಂಪೈಲ್ ಮುಗಿದ ಮೇಲೆ ಒಂದು ಸ್ಕ್ರಿಪ್ಟ್, ಎಮ್‌ಸ್ಕ್ರಿಪ್ಟನ್ ಹೊರತಂದ ಜಾವಾಸ್ಕ್ರಿಪ್ಟನ್ನು ತಿದ್ದಿ, ಆ ಏಳನ್ನೂ ಹೊರಗಿನ ಮಾಡ್ಯೂಲಿನಿಂದ ತೆಗೆದುಕೊಳ್ಳುವಂತೆ ಜೋಡಿಸುತ್ತದೆ. ಬ್ರೌಸರಿನಲ್ಲಿ ‘ಮೋಜ್‌ಇಂಟ್‌ಜೆಮ್’ ಎಂಬ ಮಾಡ್ಯೂಲ್ ಸಿಕ್ಕರೆ ಅದು, ಸಿಗದಿದ್ದರೆ ಮರಿಯನ್‌ನ ಜೊತೆಗೇ ಕಂಪೈಲ್ ಆಗಿ ಬಂದ ನಿಧಾನದ ಬದಲಿ ಫಂಕ್ಷನ್‌ಗಳು.

ಇಲ್ಲಿ ಬ್ರೌಸರ್ ಕಣ್ಣುಮುಚ್ಚಿ ನಂಬುವಂತಿಲ್ಲ. ವೆಬ್‌ಅಸೆಂಬ್ಲಿಯ ಕಡೆಯಿಂದ ಬರುವ ವಿಳಾಸ ಅದರ ಸ್ವಂತ ಮೆಮೊರಿಯಲ್ಲಿ ಇಷ್ಟನೆಯ ಬೈಟ್ ಎಂಬ ಒಂದು ಸಂಖ್ಯೆ ಅಷ್ಟೆ. ಆ ಸಂಖ್ಯೆಯಿಂದ ಮ್ಯಾಟ್ರಿಕ್ಸಿನ ಕೊನೆಯ ತನಕದ ಜಾಗವೆಲ್ಲ ಆ ಮೆಮೊರಿಯೊಳಗೇ ಇದೆಯೇ, ವಿಳಾಸ ಸರಿಯಾದ ಅಲೈನ್‌ಮೆಂಟಿನಲ್ಲಿದೆಯೇ, ಸಾಲಿನ ಅಗಲ 64ರ ಮಡಿಯೇ, ಕಾಲಮ್‌ಗಳ ಸಂಖ್ಯೆ 8ರ ಮಡಿಯೇ ಎಂದು ನೇಟಿವ್ ಕೋಡ್ ಪ್ರತಿ ಸಲವೂ ಪರೀಕ್ಷಿಸಿಯೇ ಮುಂದುವರಿಯಬೇಕು. ಒಂದು ಪರೀಕ್ಷೆ ತಪ್ಪಿದರೂ ವೆಬ್‌ಅಸೆಂಬ್ಲಿಯನ್ನು ಕೂಡಿಹಾಕಿದ ಸ್ಯಾಂಡ್‌ಬಾಕ್ಸಿನ ಗೋಡೆಗೆ ಕನ್ನ ಕೊರೆದಂತೆ.

ಈ ತೀರ್ಮಾನದ ಬಗ್ಗೆ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ ಎಂಬುದನ್ನು ಹೇಳಲೇಬೇಕು. ಮೋಜ್‌ಇಂಟ್‌ಜೆಮ್ ಬಾಗಿಲು ತೆರೆಯುವುದು ಮೊಜಿಲ್ಲಾದ ವಿಶೇಷ ಸಹಿಯುಳ್ಳ ಎಕ್ಸ್‌ಟೆನ್ಶನ್‌ಗೆ ಮತ್ತು ಬ್ರೌಸರಿನ ಸ್ವಂತ ಕೋಡಿಗೆ ಮಾತ್ರ. ಅದೇ ಮುಕ್ತ ಕೋಡನ್ನು ತೆಗೆದುಕೊಂಡು ಬೇರೆಯವರು ತಮ್ಮ ಎಕ್ಸ್‌ಟೆನ್ಶನ್ ಕಟ್ಟಿದರೆ ಅವರ ಪಾಲಿಗೆ ಬರುವುದು ನಿಧಾನದ ಫಂಕ್ಷನ್‌ಗಳು. ಕೋಡ್ ಮುಕ್ತವಾಗಿದೆ, ವೇಗ ಮುಕ್ತವಾಗಿಲ್ಲ. ಹಾಗೆಂದು ಬೇರೆ ದಾರಿ ಏನಿತ್ತು ಎಂದು ಕೇಳಿದರೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ: ಮಾನದಂಡ ಬದಲಾಗುವ ತನಕ ಕಾದಿದ್ದರೆ ವರ್ಷಗಳೇ ಬೇಕಾಗುತ್ತಿದ್ದವು, ಆ ವರ್ಷಗಳಲ್ಲೆಲ್ಲ ಜನರ ಪತ್ರಗಳು ಸರ್ವರುಗಳಿಗೆ ಹೋಗುತ್ತಲೇ ಇರುತ್ತಿದ್ದವು. ಮುಂದೆ ‘ರಿಲ್ಯಾಕ್ಸ್ಡ್ ಸಿಮ್ಡ್’ ಎಂಬ ಸೇರ್ಪಡೆಯ ಮೂಲಕ ಹೆಚ್ಚುಕಡಿಮೆ ಇದೇ ಬಗೆಯ 8 ಬಿಟ್ ಗುಣಾಕಾರ ವೆಬ್‌ಅಸೆಂಬ್ಲಿಯ ಮಾನದಂಡದೊಳಗೆ ಬಂತು. ಬೇರೆ ಬೇರೆ ಪ್ರೊಸೆಸರುಗಳಲ್ಲಿ ಅಂಚಿನ ಸಂದರ್ಭಗಳಿಗೆ ಉತ್ತರ ತುಸು ಬೇರೆಯಾದರೂ ಅಡ್ಡಿಯಿಲ್ಲ ಎಂದು ಒಪ್ಪಿಕೊಂಡೇ ಅದನ್ನು ಸೇರಿಸಲಾಯಿತು.

ಅಂಗಡಿಯ ಬಾಗಿಲಲ್ಲಿ

ಕಂಪೈಲ್ ಆದ ಕೋಡನ್ನು ಮನುಷ್ಯರು ಓದಲಾರರು. ಮೊಜಿಲ್ಲಾದ ಆಡ್-ಆನ್ ತಾಣ ಅಂಥ ಕೋಡ್ ಇರುವ ಎಕ್ಸ್‌ಟೆನ್ಶನ್‌ಗಳಿಗೆ ಮೂಲವನ್ನೂ ಕಟ್ಟುವ ವಿಧಾನವನ್ನೂ ಸಲ್ಲಿಸಲು ಹೇಳುತ್ತದೆ, ಪರಿಶೀಲಕರು ಅದನ್ನು ಕಟ್ಟಿದಾಗ ಅದೇ ಫಲ ಬರಬೇಕೆನ್ನುತ್ತದೆ. ಆದ್ದರಿಂದ ಎಮ್‌ಸ್ಕ್ರಿಪ್ಟನ್‌ನ ಆವೃತ್ತಿಯನ್ನು ಒಂದಕ್ಕೇ ಕಟ್ಟಿಹಾಕಬೇಕು. ಆವೃತ್ತಿ ಬದಲಾದರೆ ಹೊರಬರುವ ಜಾವಾಸ್ಕ್ರಿಪ್ಟೂ ಬದಲಾಗುತ್ತದೆ, ಅದನ್ನು ತಿದ್ದುವ ಸ್ಕ್ರಿಪ್ಟೂ ದಾರಿ ತಪ್ಪುತ್ತದೆ. ಎಕ್ಸ್‌ಟೆನ್ಶನ್‌ಗಳ ಮೂರನೆಯ ಆವೃತ್ತಿಯ ನಿಯಮಗಳಲ್ಲಿ ವೆಬ್‌ಅಸೆಂಬ್ಲಿ ಓಡಿಸಲು ಭದ್ರತಾ ನೀತಿಯಲ್ಲಿ ‘ವಾಸ್ಮ್-ಅನ್‌ಸೇಫ್-ಇವಾಲ್’ ಎಂದು ಬರೆಯಬೇಕು, ಮತ್ತು ಕ್ರೋಮ್‌ನಲ್ಲಿ ಹಿನ್ನೆಲೆಯ ಸರ್ವಿಸ್ ವರ್ಕರ್ 30 ಸೆಕೆಂಡು ಕೆಲಸವಿಲ್ಲದೆ ಕೂತರೆ ಅದನ್ನು ನಿಲ್ಲಿಸಲಾಗುತ್ತದೆ. ಹತ್ತಾರು ಎಂಬಿ ಮಾದರಿಯನ್ನು ಮೆಮೊರಿಗೆ ತಂದು ಸಿದ್ಧವಾಗುವ ಎಂಜಿನ್ನಿಗೆ ಅಂಥ ಮನೆ ಹಿಡಿಸುವುದಿಲ್ಲ.

ಆಡ್-ಆನ್‌ನಿಂದ ಬ್ರೌಸರಿಗೆ

2023ರ ಸೆಪ್ಟೆಂಬರ್ 26ರಂದು ಬಂದ ಫೈರ್‌ಫಾಕ್ಸ್ 118ರಲ್ಲಿ ಅನುವಾದ ಬ್ರೌಸರಿನದೇ ಭಾಗವಾಯಿತು. ಆಡ್-ಆನ್ ಬೇಕಿಲ್ಲ. ಒಳಗೆ ಬಂದ ಮೇಲೆ ಮರಿಯನ್‌ನನ್ನು ನೇರ ನೇಟಿವ್ ಕೋಡಾಗಿ ಜೋಡಿಸಬಹುದಿತ್ತು, ಆದರೂ ವೆಬ್‌ಅಸೆಂಬ್ಲಿಯ ರೂಪವನ್ನೇ ಉಳಿಸಿಕೊಳ್ಳಲಾಯಿತು. ಆ ರೂಪದಲ್ಲಿ ಸಿ ಪ್ಲಸ್ ಪ್ಲಸ್‌ನ ಮೆಮೊರಿ ತಪ್ಪೊಂದು ಅದರ ಸ್ವಂತ ಮೆಮೊರಿಯನ್ನು ಕೆಡಿಸಬಹುದೇ ಹೊರತು ಬ್ರೌಸರನ್ನು ಮುಟ್ಟಲಾರದು. ಎಂಜಿನ್ ಮತ್ತು ಮಾದರಿಗಳು ಬ್ರೌಸರಿನ ಕಟ್ಟಿನಲ್ಲಿರುವುದಿಲ್ಲ, ಬೇಕಾದಾಗ ಸಹಿ ಪರೀಕ್ಷೆಯೊಂದಿಗೆ ಬೇರೆಯಾಗಿ ಇಳಿಯುತ್ತವೆ. ಮೆಮೊರಿ ತಪ್ಪುಗಳು ಹೊರಗೆ ಹರಡದಿರಲೆಂಬ ಇದೇ ಕಾರಣಕ್ಕೆ ಫೈರ್‌ಫಾಕ್ಸ್ 2021ರ ಡಿಸೆಂಬರಿನಿಂದ, 95ನೆಯ ಆವೃತ್ತಿಯಲ್ಲಿ, ಕಾಗುಣಿತ ತಿದ್ದುವ ಹನ್‌ಸ್ಪೆಲ್ ಮುಂತಾದ ಲೈಬ್ರರಿಗಳನ್ನು ಮೊದಲು ವೆಬ್‌ಅಸೆಂಬ್ಲಿಗೆ ಇಳಿಸಿ, ಅಲ್ಲಿಂದ ಮತ್ತೆ ನೇಟಿವ್ ಕೋಡಿಗೆ ತಂದು, ಹಾಗೆ ಬಂದ ಬೇಲಿಯೊಳಗೇ ಓಡಿಸುತ್ತಿದೆ. ನೇಟಿವ್ ಕೋಡಿಗೆ ಬ್ರೌಸರಿನಲ್ಲಿ ಜಾಗ ಮಾಡಿಕೊಡಲೆಂದು ಹುಟ್ಟಿದ ಉಪಾಯ ಈಗ ಬ್ರೌಸರಿನ ನೇಟಿವ್ ಕೋಡಿಗೇ ಕಾವಲಾಗಿದೆ.

118ರ ಪಟ್ಟಿಯಲ್ಲಿದ್ದುದು ಯುರೋಪಿನ ಭಾಷೆಗಳು ಮಾತ್ರ: ಇಂಗ್ಲಿಷ್ ಸೇರಿ ಒಂಬತ್ತು. ಆಮೇಲೆ ಪಟ್ಟಿ ಬೆಳೆದು ಕನ್ನಡವೂ ಸೇರಿತು. ಮಾದರಿಗಳೆಲ್ಲ ಇಂಗ್ಲಿಷನ್ನು ಒಂದು ತುದಿಯಲ್ಲಿಟ್ಟುಕೊಂಡೇ ತಯಾರಾದ್ದರಿಂದ, ಜರ್ಮನ್ ಪುಟವೊಂದನ್ನು ಕನ್ನಡದಲ್ಲಿ ಓದಬಯಸಿದರೆ ಜರ್ಮನ್‌ನಿಂದ ಇಂಗ್ಲಿಷಿಗೆ ಒಂದು, ಇಂಗ್ಲಿಷಿನಿಂದ ಕನ್ನಡಕ್ಕೆ ಒಂದು, ಹೀಗೆ ಎರಡು ಮಾದರಿಗಳು ಒಟ್ಟಿಗೆ ಮೆಮೊರಿಯಲ್ಲಿ ಕೂರಬೇಕು.

ಪುಟದ ಲಿಂಕುಗಳನ್ನೂ ದಪ್ಪಕ್ಷರಗಳನ್ನೂ ಅನುವಾದದಲ್ಲಿ ಸರಿಯಾದ ಪದಗಳ ಮೇಲೆ ಮರಳಿ ಕೂರಿಸುವ ಕೆಲಸವೂ ಎಂಜಿನ್ನಿನೊಳಗೇ, ಸಿ ಪ್ಲಸ್ ಪ್ಲಸ್‌ನಲ್ಲೇ ನಡೆಯುತ್ತದೆ. ಅನುವಾದದ ಪ್ರತಿಯೊಂದು ಪದತುಂಡು ಮೂಲದ ಯಾವ ತುಂಡಿನಿಂದ ಎಷ್ಟು ಮಟ್ಟಿಗೆ ಬಂತು ಎಂಬ ತೂಕವನ್ನು ಮಾದರಿ ಕೊಡುತ್ತದೆ. ಅದನ್ನು ಹಿಡಿದು ಟ್ಯಾಗ್‌ಗಳನ್ನು, ಅಂದರೆ ಲಿಂಕು, ದಪ್ಪಕ್ಷರಗಳ ಗುರುತುಗಳನ್ನು, ಸಾಗಿಸಲಾಗುತ್ತದೆ. ‘ಅವಳು ಹೊಸ ಕಾದಂಬರಿಯನ್ನು ಓದಿದಳು’ ಎಂಬಲ್ಲಿ ಇಂಗ್ಲಿಷಿನ ನಡುವೆ ಇದ್ದ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಹೊಸ ಕಾದಂಬರಿ ಎಂಬ ಎರಡು ಪದಗಳ ಮೇಲಿದ್ದ ಲಿಂಕು ಕನ್ನಡಕ್ಕೆ ಬರುವಾಗ ‘ಅನ್ನು’ ಎಂಬ ವಿಭಕ್ತಿಯನ್ನೂ ಹೊತ್ತುಕೊಳ್ಳಬೇಕು. ಇಂಗ್ಲಿಷ್ ಮೂಲದಲ್ಲಿ ಆ ವಿಭಕ್ತಿಗೆ ಸಮನಾದ ಪದವೇ ಇಲ್ಲದಿರುವಾಗ, ‘ಅನ್ನು’ ತುಂಡಿನ ತೂಕ ಕಾದಂಬರಿಯ ಕಡೆ ವಾಲಿದರೆ ಲಿಂಕು ಇಡೀ ಪದದ ಮೇಲೆ ಕೂರುತ್ತದೆ, ಕ್ರಿಯಾಪದದ ಕಡೆ ವಾಲಿದರೆ ‘ಕಾದಂಬರಿ’ಗೇ ತುಂಡಾಗಬಹುದು. ಹಾಗಾಗದಂತೆ ಟ್ಯಾಗ್ ಸಾಗಿಸುವ ಕೋಡ್ ಒಂದು ಪದದ ನಡುವೆ ಟ್ಯಾಗನ್ನು ಮುರಿಯದೆ ಇಡೀ ಪದವನ್ನೇ ಒಂದು ಘಟಕವಾಗಿ ಎಣಿಸಬೇಕು.